ಯಂತ್ರದ ಬಾಯಿಗೆ ಬನ್ನಿ

ನನ್ನ ಕೆಲಸ ಏನೆಂದು ದಾಂಡೇಲಿಯಲ್ಲಿ ಯಾರಿಗೂ ಸರಿಯಾಗಿ ಗೊತ್ತಿಲ್ಲ. ತರಕಾರಿ ಮಾರುವ ಮುದುಕಿಗೆ ನಾನು ಸೂಜಿ ಚುಚ್ಚಿ ಮಲಗಿಸುವ ಡಾಕ್ಟರಬಾಯಿ. ಕಾಗದದ ಗಿರಣಿಯಿಂದ ನಿವೃತ್ತರಾದ ನೆರೆಮನೆಯವರು ಒಂದು ದಿನ ಕಂಪೌಂಡಿನ ಆಚೆಯಿಂದಲೇ ಕೇಳಿದ್ದರು: "ಅಲ್ರಿ ಮೇಡಂ, ನೀವು ಖರೇ ಡಾಕ್ಟರೇನು, ಇಲ್ಲಾ ಡಾಕ್ಟರ ಕೈಕೆಳಗ ಇರಾವರೋ?" ಇವರನ್ನೆಲ್ಲ ಕ್ಷಮಿಸಿದ್ದೇನೆ. ಗೊತ್ತಿಲ್ಲದವರು ಗೊತ್ತಿಲ್ಲದೆ ಕೇಳುತ್ತಾರೆ. ನನಗೆ ಮೈ ಉರಿಯುವುದು ಗೊತ್ತಿರಬೇಕಾದವರ ಮೇಲೆ, ಅಂದರೆ ಕತ್ತಿ ಹಿಡಿಯುವ ಸರ್ಜನ್ ಸಾಹೇಬರುಗಳ ಮೇಲೆ. ಅವರಿಗೂ ನಾನು ಮಲಗಿಸುವವಳೇ.

ಮಲಗಿಸುವುದೇನು ಮಹಾ? ಒನಕೆಯಿಂದ ತಲೆಗೆ ಒಂದು ಕೊಟ್ಟರೂ ಮನುಷ್ಯ ಮಲಗುತ್ತಾನೆ. ನನ್ನ ಕೆಲಸ ಆಮೇಲಿನದು. ನಾನು ಕೊಡುವ ಅರಿವಳಿಕೆಯ ಔಷಧಕ್ಕೆ ಮೈಯ ಸ್ನಾಯುಗಳೆಲ್ಲ ಸಡಿಲಾಗುತ್ತವೆ, ರೋಗಿ ತಾನಾಗಿ ಉಸಿರಾಡುವುದನ್ನು ನಿಲ್ಲಿಸುತ್ತಾನೆ. ಅವನು ಎಚ್ಚರವಾಗುವವರೆಗೆ ಅವನ ಉಸಿರನ್ನು ಒಂದು ಯಂತ್ರದ ಮೂಲಕ ನಾನು ಆಡಬೇಕು. ದಾಂಡೇಲಿ, ಹಳಿಯಾಳ, ಮುಂಡಗೋಡ, ಎಲ್ಲಿ ಆಪರೇಷನ್ ಇದೆಯೋ ಅಲ್ಲಿಗೆ ನನ್ನ ಹಳೆಯ ಕಾರಿನಲ್ಲಿ ಚೀಲ ಹೇರಿಕೊಂಡು ಹೋಗಿ ಇದೊಂದೇ ಕೆಲಸ ಮಾಡಿ ಬರುತ್ತೇನೆ.

ಇಷ್ಟು ವರ್ಷಗಳಲ್ಲಿ ನನ್ನ ಯಂತ್ರದ ಬಗ್ಗೆ ನೆಟ್ಟಗೆ ಒಂದು ಪ್ರಶ್ನೆ ಕೇಳಿದವನು ಒಬ್ಬನೇ. ಮುಂಡಗೋಡದ ಟಿಬೆಟನ್ ಕಾಲೊನಿಯಿಂದ ಹರ್ನಿಯಾ ಆಪರೇಷನ್ನಿಗೆ ಬಂದ ಮುದಿ ಲಾಮಾ. ಮುಖಕ್ಕೆ ಮಾಸ್ಕ್ ಹಿಡಿಯಲು ಹೋದರೆ ಕೈ ಅಡ್ಡ ಹಾಕಿ, "ಅಮ್ಮಾ, ನಾನು ಬಿಟ್ಟ ಉಸಿರು ಎಲ್ಲಿ ಹೋಗ್ತದೆ?" ಎಂದ. ನನಗೆ ಎಷ್ಟು ಸಂತೋಷವಾಯಿತೆಂದರೆ ಸರ್ಜನ್ನನ್ನು ಕಾಯಲು ಬಿಟ್ಟು ಅವನಿಗೆ ಎಲ್ಲವನ್ನೂ ಹೇಳಿದೆ. ನೋಡು ಅಜ್ಜಾ, ಯಂತ್ರದಿಂದ ಎರಡು ಸುಕ್ಕುಸುಕ್ಕಿನ ಕೊಳವೆ ಬರುತ್ತವೆ, ನಿನ್ನ ಬಾಯಿಯ ಹತ್ತಿರ ಕವಲು ಟೊಂಗೆಯಂತೆ ಕೂಡುತ್ತವೆ. ಒಂದರಲ್ಲಿ ಉಸಿರು ನಿನ್ನ ಕಡೆ ಬರುತ್ತದೆ, ಇನ್ನೊಂದರಲ್ಲಿ ವಾಪಸು ಹೋಗುತ್ತದೆ. ಬಂದ ದಾರಿಯಲ್ಲೇ ಹಿಂದಿರುಗದ ಹಾಗೆ ಎರಡಕ್ಕೂ ಒಂದೊಂದು ಕವಾಟ, ಪಾರದರ್ಶಕ ಮುಚ್ಚಳದ ಕೆಳಗೆ ತೆಳ್ಳಗಿನ ಬಿಲ್ಲೆ. ನೀನು ಉಸಿರು ಎಳೆದಾಗ ಈ ಬಿಲ್ಲೆ ಏಳುತ್ತದೆ, ಬಿಟ್ಟಾಗ ಆ ಬಿಲ್ಲೆ. ವಾಪಸು ಬಂದ ಉಸಿರು ಈ ಡಬ್ಬಿಯೊಳಗಿನ ಸುಣ್ಣದ ಹರಳುಗಳ ನಡುವೆ ಹಾಯುತ್ತದೆ. ಅದರಲ್ಲಿರುವ ಕೆಟ್ಟ ಗಾಳಿಯನ್ನು ಸುಣ್ಣ ತಿನ್ನುತ್ತದೆ. ತಿಂದು ತಿಂದು ಸಾಕಾದ ಮೇಲೆ ನೇರಳೆ ಬಣ್ಣಕ್ಕೆ ತಿರುಗುತ್ತದೆ, ಆಗ ಬದಲಿಸಬೇಕು. ಉಳಿದ ಗಾಳಿಗೆ ಹೊಸ ಆಮ್ಲಜನಕ ಕೂಡಿ ಮತ್ತೆ ನಿನಗೇ ಬರುತ್ತದೆ. ಪಕ್ಕದ ಈ ರಬ್ಬರ್ ಚೀಲ ಹಿಂಡಿದರೆ ನಿನ್ನ ಎದೆ ಏಳುತ್ತದೆ. ಒತ್ತಡ ಜಾಸ್ತಿಯಾದರೆ ಹೊರಗೆ ಬಿಡಲು ಇಲ್ಲೊಂದು ತಿರುಪು. "ಅಂದ್ರೆ ನನ್ನ ಉಸಿರೇ ತೊಳೆದು ನನಗೇ ಕೊಡ್ತೀರಿ" ಎಂದು ಲಾಮಾ ಹಲ್ಲಿಲ್ಲದ ಬಾಯಿ ತೆರೆದು ನಕ್ಕ, ಆಮೇಲೆ ತಾನೇ ಮಾಸ್ಕ್ ಎಳೆದುಕೊಂಡು ಮಲಗಿದ.

ಹಳಿಯಾಳದ ಸಾಹೇಬರಿಗೆ ಇದಿಷ್ಟೂ ಇಂದಿಗೂ ಗೊತ್ತಿಲ್ಲ. ಇವರು ಅಲ್ಲಿನ ಒಂದು ಸಣ್ಣ ಆಸ್ಪತ್ರೆಯ ಮಾಲೀಕರು, ಸರ್ಜನ್ನರೂ ಅವರೇ. ಬಿಳಿ ಅಂಗಿ, ಹಣೆಗೆ ಮೂರು ಬೆರಳಿನ ವಿಭೂತಿ, ಮಾತಿಗೊಮ್ಮೆ "ನಮ್ಮ ಮಶೀನು". ಯಂತ್ರ ತಂದದ್ದು ಅವರೇ ಹೌದು. ತಂದ ದಿನ ಅದಕ್ಕೆ ತೆಂಗಿನಕಾಯಿ ಒಡೆಸಿದರು, ಹೂ ಏರಿಸಿದರು. ಅದರ ಜೊತೆ ಬಂದ ಸೂಚನೆಯ ಪುಸ್ತಕದ ಮೇಲಿನ ಪ್ಲಾಸ್ಟಿಕ್ ಮಾತ್ರ ಇನ್ನೂ ಹರಿದಿಲ್ಲ. ಮಂಗನ ಕೈಯಲ್ಲಿ ಮಾಣಿಕ್ಯ ಎನ್ನುತ್ತಾರಲ್ಲ, ಹಾಗೆ. ಸುಣ್ಣ ನೇರಳೆಯಾಗಿದೆ, ಬದಲಿಸಿ ಎಂದರೆ, "ಇನ್ನೂ ಅರ್ಧಾ ಬೆಳ್ಳಗ ಐತಲ್ರಿ, ನಡಿಲಿ ಬಿಡ್ರಿ" ಎನ್ನುವ ಮನುಷ್ಯ. ನಾನೇ ಡಬ್ಬಿ ಬಿಚ್ಚಿ ಕಸದ ಬುಟ್ಟಿಗೆ ಸುರಿಯುತ್ತಿದ್ದೆ.

ಅವರಿಗೆ ನನ್ನ ಬೆಳಗಿನ ಪರೀಕ್ಷೆಗಳೆಂದರೆ ತಮಾಷೆ. ಕೊಳವೆಯ ಬಾಯಿಯನ್ನು ಹೆಬ್ಬೆರಳಿನಿಂದ ಮುಚ್ಚಿ, ತಿರುಪು ಬಿಗಿದು, ಆಮ್ಲಜನಕ ತುಂಬಿ ಒತ್ತಡದ ಮುಳ್ಳು ಏರಿಸಿ ನಿಲ್ಲಿಸುವುದು ಮೊದಲನೆಯದು. ಮುಳ್ಳು ಇಳಿದರೆ ಎಲ್ಲೋ ಸೋರುತ್ತಿದೆ ಎಂದರ್ಥ. ಆದರೆ ಸೋರದಿದ್ದರೆ ಸಾಲದು. ಒಳಗೆ ಏನಾದರೂ ಸಿಕ್ಕಿಕೊಂಡು ದಾರಿಯೇ ಮುಚ್ಚಿದ್ದರೂ ಮುಳ್ಳು ಹಾಗೇ ನಿಲ್ಲುತ್ತದೆ. ಮುಚ್ಚಿದ ದಾರಿ ಸೋರುವುದೆಲ್ಲಿಂದ? ಅದಕ್ಕೇ ಎರಡನೆಯ ಪರೀಕ್ಷೆ. ರೋಗಿ ಇರಬೇಕಾದ ಜಾಗದಲ್ಲಿ ಇನ್ನೊಂದು ಖಾಲಿ ಚೀಲ ಸಿಕ್ಕಿಸಿ ಈ ಚೀಲ ಹಿಂಡುವುದು. ಆ ಚೀಲ ಉಬ್ಬಬೇಕು, ಕೈಬಿಟ್ಟರೆ ಇಳಿಯಬೇಕು, ಎರಡೂ ಬಿಲ್ಲೆ ಸರದಿಯಲ್ಲಿ ಏಳಬೇಕು. ಸಾಹೇಬರು ಬಾಗಿಲಲ್ಲಿ ನಿಂತು ಎಲ್ಲರಿಗೂ ಕೇಳಿಸುವಂತೆ ಹೇಳುತ್ತಿದ್ದರು: "ನಡೀತ್ ನೋಡ್ರಿ ಮೇಡಮ್ಮಾರ ಪುಗ್ಗಾ ಆಟ. ನಾವೂ ಸಣ್ಣವರಿದ್ದಾಗ ಆಡೇವಿ." ಪುಗ್ಗಾ ಅಂದರೆ ಬಲೂನು. ನಗಲೇಬೇಕಾದವರು ನಗುತ್ತಿದ್ದರು. ಇಂಥವರ ಕೈಕೆಳಗೆ ಇನ್ನೇನು ಮಾಡಿಯಾರು?

ಆ ಮನುಷ್ಯನ ಪಾಲಿಗೆ ಎಲ್ಲಿಂದ ಬಂದರೋ ಏನೋ, ವೈನ್ಯಾರು, ಅಂದರೆ ಅವರ ಹೆಂಡತಿ. ಆಸ್ಪತ್ರೆಯ ಮೇಲಿನ ಮಹಡಿಯೇ ಮನೆ. ನಾನು ಹೋದ ದಿನವೆಲ್ಲ ಜೋಳದ ರೊಟ್ಟಿ, ಶೇಂಗಾ ಚಟ್ನಿ ಇಟ್ಟುಕೊಂಡು ಕಾಯುವರು. "ಅಕ್ಕಾರ, ನೀವು ಉಣ್ಣದ ಹೋದ್ರ ನಾ ಮುಂದಿನ ಸಲ ಬಾಗಲಾ ತಗಿಯಂಗಿಲ್ಲ" ಎಂದು ಗದರುವರು. ಅವರಿಗೆ ಜೀವನದಲ್ಲಿ ಒಂದೇ ಆಸೆ. ಚಳಿಗಾಲದ ಕೊನೆಗೆ ಬರುವ ಭಾರತ ಹುಣ್ಣಿವೆಗೆ ಉಳವಿಯ ಜಾತ್ರೆಗೆ ನಡೆದುಕೊಂಡು ಹೋಗುವುದು. ಎಲ್ಲರೂ ಎತ್ತಿನ ಚಕ್ಕಡಿಯಲ್ಲಿ, ಟ್ರ್ಯಾಕ್ಟರಿನಲ್ಲಿ, ಕಾರಿನಲ್ಲಿ ಹೋಗಿ ಬರುತ್ತಾರೆ. ಅವರ ತವರಿನ ಹೆಂಗಸರು ಮಾತ್ರ ಹಳಿಯಾಳದಿಂದ ಜೋಯಿಡಾ ಕಾಡು ಹಾಯ್ದು ಕಾಲ್ನಡಿಗೆಯಲ್ಲಿ ಹೋಗುತ್ತಾರೆ. ಅವರ ತಾಯಿ ಹೋಗಿದ್ದರು, ಅಜ್ಜಿ ಹೋಗಿದ್ದರು. ಇವರಿಗೆ ಮದುವೆಯಾದಾಗಿನಿಂದ ಏನಾದರೊಂದು ಅಡ್ಡಿ. ಈ ವರ್ಷ ಹೋಗಿಯೇ ತೀರುತ್ತೇನೆ ಎನ್ನುವಷ್ಟರಲ್ಲಿ ಪಿತ್ತಕೋಶದ ಕಲ್ಲು ನೋವು ಕೊಡತೊಡಗಿತು. "ಈಗ ದಸರಾಕ್ಕ ಕಲ್ಲು ತಗದ್ರ, ಹುಣ್ಣಿವಿ ಹೊತ್ತಿಗೆ ನಡಿಲಿಕ್ಕೆ ಬರ್ತೈತಿಲ್ಲರಿ ಅಕ್ಕಾರ?" ಎಂದು ಕೇಳಿದರು. ಬರತೈತಿ ಎಂದು ನಾನು ಮಾತು ಕೊಟ್ಟೆ.

ಆಪರೇಷನ್ ಹುಬ್ಬಳ್ಳಿಯಲ್ಲಿ ಮಾಡಿಸಿ ಎಂದು ಸಾಹೇಬರಿಗೆ ಹೇಳಿದೆ. ಹೆಂಡತಿಯ ಹೊಟ್ಟೆಗೆ ತಾನೇ ಕತ್ತಿ ಹಾಕುವುದು ಬುದ್ಧಿವಂತರ ಕೆಲಸವಲ್ಲ. "ನಮ್ಮ ಮಶೀನು ಇರೂವಾಗ ಹುಬ್ಬಳ್ಳಿ ಯಾಕ್ರಿ? ಮಂದಿ ಏನ್ ಅಂದಾರು?" ಎಂದರು. ಹೆಂಡತಿಯ ಹೊಟ್ಟೆನೋವಿಗಿಂತ ಮಂದಿಯ ಬಾಯಿಯ ಚಿಂತೆ ದೊಡ್ಡದು. ದಸರೆಯ ಮರುದಿನ ಒಳ್ಳೆಯದೆಂದು ದಿನವನ್ನೂ ಅವರೇ ಗೊತ್ತು ಮಾಡಿದರು.

ನಮ್ಮ ಕಡೆ ದಸರೆಗೆ, ಅದರ ಮರುದಿನವೂ, ಬನ್ನಿ ಕೊಡುತ್ತಾರೆ. ಬನ್ನಿ ಮರದ ಸಣ್ಣ ಎಲೆಗಳ ಒಂದು ಚಿಟಿಕೆ ಕೈಯಲ್ಲಿಟ್ಟು, "ಬನ್ನಿ ತಗೊಂಡು ಬಂಗಾರದಂಗ ಇರೂಣು" ಎನ್ನಬೇಕು. ಕೊಟ್ಟ ಬನ್ನಿಯನ್ನು ಯಾರೂ ಬೇಡ ಅನ್ನುವಂತಿಲ್ಲ. ವರ್ಷವಿಡೀ ಕೋರ್ಟು ಕಚೇರಿ ಅಲೆಯುವ ಅಣ್ಣತಮ್ಮಂದಿರು ಕೂಡ ಆ ದಿನ ಎರಡೂ ಕೈ ಚಾಚುತ್ತಾರೆ. ಬಹಳ ಚಂದದ ಪದ್ಧತಿ, ನನಗೂ ಇಷ್ಟ. ಅದು ಮನುಷ್ಯರ ಕೈಯಿಂದ ಮನುಷ್ಯರ ಕೈಗೆ ಹೋಗುವವರೆಗೆ.

ಆ ಬೆಳಗ್ಗೆ ನಾನು ಎರಡೂ ಪರೀಕ್ಷೆ ಮುಗಿಸಿ, ವೈನ್ಯಾರನ್ನು ಕರೆತರಲು ಮೇಲೆ ಹೋದೆ. ಅವರು ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿ ಕುಳಿತಿದ್ದರು. ಮೆಟ್ಟಿಲಿಳಿದು ಬರುವಷ್ಟರಲ್ಲಿ ಸಾಹೇಬರು ಥಿಯೇಟರಿನಿಂದ ಕೈ ಕೊಡವುತ್ತ ಹೊರಗೆ ಬಂದರು, ಇನ್ನೊಂದು ಕೈಯಲ್ಲಿ ಹಿತ್ತಾಳೆಯ ತಟ್ಟೆ. ಒಳಗೆ ನೋಡಿದರೆ ನನ್ನ ಯಂತ್ರ ಮದುಮಗಳಾಗಿತ್ತು. ನೆತ್ತಿಯ ಮೇಲೆ ಬನ್ನಿಯ ಟೊಂಗೆ, ಕವಾಟದ ಮುಚ್ಚಳಗಳ ಮೇಲೆ ಕುಂಕುಮ.

"ಯಂತ್ರಾ ಮುಟ್ಟೀರೇನ್ರಿ?" ಎಂದೆ.

"ಎಲ್ಲಾರಿಗೂ ಬನ್ನಿ ಕೊಟ್ಟೆ, ಅದಕೂ ಕೊಟ್ಟೆ. ಅದೂ ದುಡೀತೈತಲ್ರಿ, ನಿಮ್ಮಂಗ!" ಎಂದು ನಕ್ಕರು.

ಟೊಂಗೆ ಕಿತ್ತು ಎಸೆದೆ, ಕುಂಕುಮ ಒರೆಸಿದೆ, ಹೆಬ್ಬೆರಳಿನ ಪರೀಕ್ಷೆ ಇನ್ನೊಮ್ಮೆ ಮಾಡಿದೆ. ಮುಳ್ಳು ಅಲುಗಲಿಲ್ಲ. ಎರಡನೆಯ ಚೀಲಕ್ಕೆ ಕೈ ಹಾಕಿದರೆ ಹಿಂದಿನಿಂದ "ಮತ್ತ ಪುಗ್ಗಾ ಏನ್ರಿ? ಮುಹೂರ್ತ ಮೀರತೈತಿ!" ಎಂದು ಕೂಗು. ಹಾಳಾಗಿ ಹೋಗಲಿ ಇವನ ಮುಹೂರ್ತ ಎಂದುಕೊಂಡೆ. ಅಷ್ಟರಲ್ಲಿ ವೈನ್ಯಾರನ್ನು ಟೇಬಲ್ ಮೇಲೆ ಮಲಗಿಸಿದ್ದರು. ಅವರು ನನ್ನ ಕೈ ಹಿಡಿದುಕೊಂಡರು, ಅವರ ಕೈ ತಣ್ಣಗಿತ್ತು. ಚೀಲ ಅಲ್ಲೇ ಉಳಿಯಿತು.

ಮಾಸ್ಕಿನಲ್ಲಿ ಅವರು ಚೆನ್ನಾಗಿಯೇ ಉಸಿರಾಡಿದರು. ಔಷಧ ಕೊಟ್ಟೆ, ಕಣ್ಣು ಮುಚ್ಚಿದರು, ಮೈ ಸಡಿಲಾಯಿತು. ಶ್ವಾಸನಾಳಕ್ಕೆ ನಳಿಕೆ ಇಳಿಸಿದೆ. ಅದು ಸರಿಯಾದ ಬಾಗಿಲಲ್ಲಿ ಹೋದದ್ದನ್ನು ನನ್ನ ಕಣ್ಣಿಂದ ನೋಡಿದೆ. ನಳಿಕೆಗೆ ಸೋಸುವ ಫಿಲ್ಟರ್, ಅದಕ್ಕೆ ಯಂತ್ರದ ಕೊಳವೆ ಜೋಡಿಸಿ ಚೀಲ ಹಿಂಡಿದೆ. ಹಿಂಡಲಾಗಲಿಲ್ಲ. ಚೀಲ ಕಲ್ಲಾಗಿತ್ತು. ಒತ್ತಡದ ಮುಳ್ಳು ಹಾರಿ ಮೇಲೆ ಹೋಯಿತು, ಎದೆ ಏಳಲಿಲ್ಲ. ಹೊರಬರುವ ಉಸಿರನ್ನು ತೋರಿಸುವ ಗೆರೆ ಪರದೆಯ ಮೇಲೆ ಗುಡ್ಡದಂತೆ ಏರಿ ಇಳಿಯಬೇಕಾಗಿತ್ತು. ಅದು ನೆಲ ಹಿಡಿದು ಮಲಗಿತ್ತು.

"ಅಸ್ತಮಾ! ಅಸ್ತಮಾ ಎದ್ದೈತ್ರಿ!" ಎಂದು ಸಾಹೇಬರು ಕುಣಿಯತೊಡಗಿದರು. "ಶ್ವಾಸನಾಳ ಬಿಗದಾವು, ಇಂಜೆಕ್ಷನ್ ಕೊಡ್ರಿ! ಕೊಡ್ರಿ ಅಂದ್ರ!" ಇಷ್ಟು ವರ್ಷ ಮೆಟ್ಟಿಲು ಹತ್ತಿ ಇಳಿದು ರೊಟ್ಟಿ ಬಡಿದ ಹೆಂಗಸಿಗೆ ಆ ಗಳಿಗೆಯಲ್ಲಿ ಅಸ್ತಮಾ! ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ವೈನ್ಯಾರ ಬೆರಳಿಗೆ ಸಿಕ್ಕಿಸಿದ, ಆಮ್ಲಜನಕ ಅಳೆಯುವ ಯಂತ್ರದ ಸದ್ದು ಒಂದೊಂದೇ ಮೆಟ್ಟಿಲು ಇಳಿಯುತ್ತಿತ್ತು. ಆಮ್ಲಜನಕ ಇಳಿದ ಹಾಗೆ ಆ ಸದ್ದಿನ ದನಿಯೂ ಇಳಿಯುತ್ತದೆ.

ಉಸಿರು ಹೋಗದಿದ್ದಾಗ ಮೊದಲ ಪ್ರಶ್ನೆ: ಕೆಟ್ಟದ್ದು ರೋಗಿಯೋ, ಯಂತ್ರವೋ? ಅದನ್ನು ಯೋಚಿಸುತ್ತ ನಿಲ್ಲಬಾರದು, ಯಂತ್ರವನ್ನು ಕಳಚಿಬಿಡಬೇಕು. ಅದಕ್ಕೇ ಪ್ರತಿ ಟೇಬಲ್ಲಿನ ತಲೆಯ ಕಡೆ, ಗೋಡೆಗೆ, ಯಂತ್ರದ ಹಂಗಿಲ್ಲದ ಕೈಚೀಲವೊಂದನ್ನು ತೂಗು ಹಾಕಿರುತ್ತೇನೆ. ಒತ್ತಿದರೆ ಗಾಳಿ ಕೊಡುತ್ತದೆ, ಬಿಟ್ಟರೆ ತಾನೇ ಉಬ್ಬುತ್ತದೆ, ಅದಕ್ಕೆ ಕರೆಂಟೂ ಬೇಡ, ಮಾಲೀಕನೂ ಬೇಡ. ಕೊಳವೆ, ಫಿಲ್ಟರ್ ಎಲ್ಲ ಒಟ್ಟಿಗೆ ಕಿತ್ತು ಬಿಸಾಕಿದೆ. ಕೈಚೀಲವನ್ನು ನೇರ ನಳಿಕೆಗೆ ಸಿಕ್ಕಿಸಿ ಒತ್ತಿದೆ.

ಎದೆ ಎದ್ದಿತು. ಹೂವಿನಷ್ಟು ಹಗುರಾಗಿ ಎದ್ದಿತು. ಸ್ಟೆಥಾಸ್ಕೋಪು ಇಟ್ಟು ಕೇಳಿದೆ, ಎರಡೂ ಕಡೆ ಗಾಳಿ ಸರಾಗ, ಒಂದು ಸಿಳ್ಳೆಯ ಸದ್ದೂ ಇಲ್ಲ. ಇಳಿದ ದನಿ ಮತ್ತೆ ಮೆಟ್ಟಿಲು ಹತ್ತಿತು. ಒಂದು ಕೈಯಿಂದ ಚೀಲ ಒತ್ತುತ್ತ, "ನಿಮ್ಮ ಹೆಂಡ್ತೀಗೆ ಏನೂ ಆಗಿಲ್ಲ. ಆ ಕೊಳವಿ ಬಾಯಾಗ ಏನೈತಿ, ಬಿಚ್ಚಿ ನೋಡ್ರಿ" ಎಂದೆ.

ನರ್ಸ್ ಕೊಳವೆಯಿಂದ ಫಿಲ್ಟರನ್ನು ಬಿಚ್ಚಿದಳು. ಅದರ ಸಣ್ಣ ಕುತ್ತಿಗೆಯಲ್ಲಿ ಹಸಿರು ಮುದ್ದೆ ಗಿಡಿದು ಕೂತಿತ್ತು. ಬನ್ನಿ. ಮಾಸ್ಕಿನಲ್ಲಿ ಮೆಲ್ಲಗೆ ಉಸಿರಾಡುವಾಗ ಅಗಲ ಕೊಳವೆಯಲ್ಲಿ ಸಡಿಲಾಗಿ ಬಿದ್ದಿತ್ತು, ಜೋರಾಗಿ ಹಿಂಡಿದಾಗ ಹಾರಿ ಬಂದು ಕುತ್ತಿಗೆಯಲ್ಲಿ ಜಡಿದುಕೊಂಡಿತು. ಆ ಫಿಲ್ಟರ್ ನಡುವೆ ಇರದಿದ್ದರೆ ಎಲೆಗಳು ಅವರ ಪುಪ್ಪುಸಕ್ಕೇ ಇಳಿಯುತ್ತಿದ್ದವು.

"ಬಾಯಾಗೊಂದ ಚೂರು ಇಟ್ಟಿದ್ದೆ, ಶುಭಾ ಅಂತ," ಎಂದರು ಸಾಹೇಬರು. "ಬೀಳಬಾರದು ಅಂತ ಬೆರಳಲೆ ಸ್ವಲ್ಪ ಒಳಗ ದಬ್ಬಿದೆ."

ಥೂ! ಓದಿದ ಮನುಷ್ಯನ ಬಾಯಿಂದ ಬಂದ ಮಾತು ಇದು. ನಾನು ನನ್ನ ಚೀಲದಿಂದ ಬೇರೆ ಕೊಳವೆ ಜೋಡಿ ತೆಗೆದು, ಈ ಸಲ ಎರಡೂ ಪರೀಕ್ಷೆ ಮಾಡಿ, ಪುಗ್ಗಾ ಆಟವನ್ನು ಅವರ ಮೂಗಿನ ಮುಂದೆಯೇ ಆಡಿ ಜೋಡಿಸಿದೆ. ಯಾರೂ ನಗಲಿಲ್ಲ. ಕಲ್ಲು ತೆಗೆದದ್ದಾಯಿತು, ವೈನ್ಯಾರು ಎಚ್ಚರವಾದದ್ದಾಯಿತು. ಆ ಎಲೆಗಳನ್ನು ಒಂದು ಸಣ್ಣ ಔಷಧದ ಬಾಟಲಿಗೆ ಹಾಕಿಕೊಂಡೆ. ಈ ಮನುಷ್ಯ ನಾಳೆ ಏನೆನ್ನುತ್ತಾನೋ ಎಂಬ ಅನುಮಾನ ಆಗಲೇ ಇತ್ತು.

ನಾಳೆಯವರೆಗೆ ಕಾಯಬೇಕಾಗಲಿಲ್ಲ. ಸಂಜೆ ವಾರ್ಡಿಗೆ ಹೋದರೆ ಹೆಂಡತಿಯ ಹಾಸಿಗೆಯ ಪಕ್ಕ ನಿಂತು ನೆಂಟರಿಗೆ ಹೇಳುತ್ತಿದ್ದರು: "ಇಕಿ ಎದಿ ಮೊದಲಿಂದ ವೀಕ್. ಟೇಬಲ್ ಮ್ಯಾಲ ಅಸ್ತಮಾ ಎದ್ದಬಿಡ್ತು. ನಾ ಇದ್ದೆ, ಉಳಿದಳು." ನಾನು ಎಲ್ಲರ ಮುಂದೆ ಹೇಳಿದೆ: "ವೈನ್ಯಾರ, ನಿಮಗ ಅಸ್ತಮಾ ಇಲ್ಲ. ಇವರು ಕೊಳವಿ ಬಾಯಾಗ ಬನ್ನಿ ತುರುಕಿದ್ರು. ಅದು ಸಿಕ್ಕೊಂಡು ಉಸರು ನಿಂತಿತ್ತು." ನೆಂಟರು ನನ್ನನ್ನು ನೋಡಿದ ರೀತಿ ಮರೆಯಲಾರೆ. ಹಬ್ಬದ ದಿನ ದೇವರಿಗೆ ಬೈದವಳನ್ನು ನೋಡಿದ ಹಾಗೆ. "ಬನ್ನಿಯಿಂದ ಯಾರಿಗರ ಕೆಟ್ಟದಾಗೈತೇನ್ರಿ ಮೇಡಂ?" ಎಂದರು ಒಬ್ಬ ಹಿರಿಯರು. ಸಾಹೇಬರು ಕರುಣೆಯಿಂದ ನಕ್ಕು, "ಮೇಡಮ್ಮಾರು ಭಾಳ ಟೆನ್ಷನ್ನಾಗ ಅದಾರ" ಎಂದರು. ಗಂಟಲು ನೋವಿನಲ್ಲಿದ್ದ ವೈನ್ಯಾರು ಒಮ್ಮೆ ಅವರನ್ನು, ಒಮ್ಮೆ ನನ್ನನ್ನು ನೋಡಿ ಕಣ್ಣು ಮುಚ್ಚಿಕೊಂಡರು. ಎತ್ತು ಈದಿದೆ ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಮಂದಿಯ ಹತ್ತಿರ ನಾನು ಇನ್ನೇನು ಹೇಳಲಿ? ಕಾರು ಹತ್ತಿ ದಾಂಡೇಲಿಗೆ ಬಂದೆ. ಆ ಆಸ್ಪತ್ರೆಯ ಫೋನು ಎತ್ತುವುದನ್ನು ಬಿಟ್ಟೆ.

ಚಳಿ ಇಳಿಯುವ ಹೊತ್ತಿಗೆ ಒಂದು ದಿನ ವೈನ್ಯಾರೇ ನಮ್ಮ ಮನೆಗೆ ಬಂದರು, ಹಳಿಯಾಳದ ಬಸ್ಸಿಳಿದು ಒಬ್ಬರೇ. ಕೈಚೀಲದಲ್ಲಿ ಅಸ್ತಮಾದವರು ಎದೆಗೆ ಎಳೆದುಕೊಳ್ಳುವ ಪಂಪು. ನಾಲ್ಕು ಹೆಜ್ಜೆಗೊಮ್ಮೆ ನಿಂತು ದಮ್ಮು ತೆಗೆದುಕೊಳ್ಳುತ್ತಿದ್ದರು.

"ಅವರು ಉಳವಿ ಬ್ಯಾಡ ಅಂದಾರ್ರಿ ಅಕ್ಕಾರ. ಘಟ್ಟ ಹತ್ತಿದ್ರ ದಾರ್ಯಾಗ ಸಾಯ್ತಿ ಅಂತಾರ. ನನಗೂ ಹಂಗ ಅನಸಾಕತ್ತೈತಿ. ಮೆಟ್ಟಲಾ ನೋಡಿದ್ರ ದಮ್ಮು ಹತ್ತತೈತಿ." ಪಂಪನ್ನು ತೆಗೆದು ನನ್ನ ಮೇಜಿನ ಮೇಲಿಟ್ಟು, "ಅವತ್ತ ನೀವು ಅಂದದ್ದು ಖರೇನ? ನನ್ನಾಣಿ ಹೇಳ್ರಿ" ಎಂದರು.

ನಾನು ಆಣೆ ಹಾಕಲಿಲ್ಲ. ಊದಿದರೆ ಎದೆಯ ಬಲ ತೋರಿಸುವ ಸಣ್ಣ ಕೊಳವೆಯೊಂದಿದೆ, ಅದನ್ನು ಕೈಗೆ ಕೊಟ್ಟೆ. "ಒಲಿ ಊದಿದಂಗ ಊದಬ್ಯಾಡ್ರಿ. ಸಾಹೇಬ್ರ ಮ್ಯಾಲಿನ ಸಿಟ್ಟೆಲ್ಲಾ ಹಾಕಿ ಊದ್ರಿ." ಮೊದಲ ಸಲ ಅಂಜಿ ಊದಿದರು. ಎರಡನೆಯ ಸಲ ಊದಿದಾಗ ಒಳಗಿನ ಮುಳ್ಳು ತುದಿಯ ಹತ್ತಿರ ಹೋಗಿ ನಿಂತಿತು. ನಾನೂ ಊದಿ ತೋರಿಸಿದೆ, ನನ್ನ ಮುಳ್ಳು ಅವರದಕ್ಕಿಂತ ಕೆಳಗೇ ನಿಂತಿತು. ಮನೆಯ ಮೆಟ್ಟಿಲು ಹತ್ತಿಸಿದೆ, ಇಳಿಸಿದೆ, ಮತ್ತೆ ಊದಿಸಿದೆ. ಮುಳ್ಳು ಅಲ್ಲೇ. ಆಮೇಲೆ ಕಪಾಟಿನಿಂದ ಬಾಟಲಿ ತಂದು ಮುಂದಿಟ್ಟೆ. ಎಲೆಗಳು ಒಣಗಿ ಕಂದಾಗಿದ್ದವು.

ವೈನ್ಯಾರು ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದರು. ಅಳುತ್ತಾರೆಂದುಕೊಂಡೆ, ಅಳಲಿಲ್ಲ. "ಇದನ್ನ ನಾ ಒಯ್ಯಲೇನ್ರಿ?" ಎಂದರು. ಒಯ್ಯಿರಿ ಎಂದೆ. ಪಂಪನ್ನು ನನ್ನ ಮೇಜಿನ ಮೇಲೆಯೇ ಬಿಟ್ಟು ಎದ್ದರು. "ಅಕ್ಕಾರ, ಹುಣ್ಣಿವಿಗೆ ಮಂದಿ ಹೊಂಡೂ ದಿವಸ ನೀವು ಬರಬೇಕು. ರೊಟ್ಟಿ ಮಾಡಿರ್ತೇನಿ."

ರೊಟ್ಟಿಯ ಆಸೆಗೆ ಹೋದೆ ಎಂದು ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ಬೆಳಗಿನ ಹೊತ್ತು. ಸಾಹೇಬರ ಮೇಜಿನ ಎದುರು ಬೆಂಚು ತುಂಬ ರೋಗಿಗಳು. ಹೊರಗೆ ರಸ್ತೆಯಲ್ಲಿ ತವರಿನ ಹೆಂಗಸರು ಗಂಟು ಹೊತ್ತು ನಿಂತಿದ್ದರು. ವೈನ್ಯಾರು ಸೀರೆಯ ಸೆರಗು ಸೊಂಟಕ್ಕೆ ಬಿಗಿದು ಮೇಲಿನಿಂದ ಇಳಿದು ಬಂದರು, ಎಲ್ಲೂ ನಿಲ್ಲದೆ. ನೆಟ್ಟಗೆ ಗಂಡನ ಮುಂದೆ ಹೋಗಿ ಮುಷ್ಟಿ ಮುಂದೆ ಮಾಡಿದರು.

"ಬನ್ನಿ ತಗೋರಿ."

ಸಾಹೇಬರು ತಲೆ ಎತ್ತಿದರು. "ದಸರಾ ಹೋಗಿ ಯಾವ ಕಾಲ ಆತು! ಹುಚ್ಚು ಹಿಡದೈತೇನು? ಎಲ್ಲಿ ಹೊಂಟಿ ನೀ?"

"ಬನ್ನಿ ಬ್ಯಾಡ ಅನಬಾರದ್ರಿ."

ಬೆಂಚಿನ ಮೇಲಿದ್ದವರೆಲ್ಲ ನೋಡುತ್ತಿದ್ದರು. ಮಂದಿ ನೋಡುವಾಗ ಆ ಮನುಷ್ಯ ಏನನ್ನೂ ಬೇಡ ಎಂದವರಲ್ಲ. ಎರಡೂ ಕೈ ಚಾಚಿದರು. ಕಂದು ಎಲೆಗಳು ಅಂಗೈಗೆ ಬಿದ್ದವು. ಬಾಟಲಿಯ ಔಷಧದ ವಾಸನೆ ಮೂಗಿಗೆ ಬಡಿದಿರಬೇಕು, ಅವರ ಮುಖ ಬಾಡಿತು. ಆದರೂ ಕೇಳಿದರು: "ಎಲ್ಲೀದು ಇದು?"

"ನನ್ನ ಉಸರಿನ ದಾರ್ಯಾಗ ಸಿಕ್ಕಿತ್ರಿ," ಎಂದರು ವೈನ್ಯಾರು. "ನೀವ ಇಟ್ಟದ್ದು. ಬಂಗಾರದಂಗ ಇರ್ರಿ. ನಾ ಉಳವಿಗೆ ಹೋಗಿಬರ್ತೇನಿ."

ಗಂಟನ್ನು ತಲೆಗಿಟ್ಟುಕೊಂಡು ಹೆಂಗಸರ ಜೊತೆ ಕೂಡಿ ದಾಂಡೇಲಿ ರಸ್ತೆ ಹಿಡಿದರು. ಸಾಹೇಬರು ಅಂಗೈ ಮುಚ್ಚಲೂ ಆಗದೆ, ಚೆಲ್ಲಲೂ ಆಗದೆ ಹಾಗೇ ಹಿಡಿದುಕೊಂಡು ಕೂತಿದ್ದರು. ಮುಂದಿನ ರೋಗಿ ಎದ್ದು ಬಂದು ನಾಡಿ ತೋರಿಸಲು ಕೈ ಚಾಚಿದ. ಹಿಡಿಯಲು ಅವರಿಗೆ ಕೈ ಖಾಲಿ ಇರಲಿಲ್ಲ.